ದುಡ್ಡು ಓಡಾಡದ ಕಾಲದಲ್ಲಿ ಕೆಲಸಕ್ಕೆ ಕೆಲಸ ಬದಲಿ ಮಾಡಿಕೊಳ್ಳೋದು: ಲೆಕ್ಕ ಹೇಗೆ ಇಡಬೇಕು?

ಹೊಲಿಗೆ ಮಷಿನ್, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವಳು. ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಪೀಸ್ ಲೆಕ್ಕದಲ್ಲಿ ಕೆಲಸ ಮಾಡುತ್ತೇನೆ. ಪೀಸ್ ಬಂದರೆ ದುಡ್ಡು, ಬರದಿದ್ದರೆ ಇಲ್ಲ. ಕೆಲವು ತಿಂಗಳಿಂದ ಆರ್ಡರ್ ತುಂಬಾ ಇಳಿದಿವೆ. ನಮ್ಮ ಮನೆಯವರು ಆಟೋ ಓಡಿಸುತ್ತಾರೆ. ಜನರ ಕೈಯಲ್ಲಿ ದುಡ್ಡಿಲ್ಲ ಅಂದಮೇಲೆ ಆಟೋ ಹತ್ತೋರು ಯಾರು?

ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ಕಥೆ. ಆದರೆ ಕೆಲಸ ಗೊತ್ತಿರೋರು ಎಷ್ಟೊಂದು ಜನ ಇದ್ದಾರೆ ಅಂತೀರಿ! ವೈರಿಂಗ್ ಮಾಡೋ ಹುಡುಗ ಇದ್ದಾನೆ. ನಳದ ಕೆಲಸ ಬಲ್ಲ ಚಾಚಾ ಇದ್ದಾರೆ. ಎಂ.ಎಸ್ಸಿ ಮುಗಿಸಿ ಮನೆಯಲ್ಲೇ ಇರೋ ಹುಡುಗಿ ಗಣಿತ ಚೆನ್ನಾಗಿ ಹೇಳಿಕೊಡುತ್ತಾಳೆ. ಜೋಳದ ರೊಟ್ಟಿ ಬಡಿಯೋ ಅವ್ವ ಇದ್ದಾರೆ, ಸುಣ್ಣಬಣ್ಣ ಹೊಡೆಯೋರು ಇದ್ದಾರೆ. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಟ್ಯೂಷನ್ ಫೀಸ್ ಕಟ್ಟೋಕೆ ಆಗುತ್ತಿಲ್ಲ. ಆ ಗಣಿತದ ಹುಡುಗಿಯ ತಾಯಿ ಮೊನ್ನೆ ಬ್ಲೌಸ್ ಪೀಸ್ ಹಿಡಿದುಕೊಂಡು ಬಂದು, ಮಜೂರಿ ಕೇಳಿ, ಸುಮ್ನೆ ವಾಪಸ್ ಹೋದರು. ನನ್ನ ಮನೆಯಲ್ಲಿ ಮಷಿನ್ ಖಾಲಿ ಇದೆ. ಅವರ ಮನೆಯಲ್ಲಿ ಹುಡುಗಿ ಖಾಲಿ ಕೂತಿದ್ದಾಳೆ. ನಡುವೆ ದುಡ್ಡು ಇಲ್ಲ ಅನ್ನೋ ಒಂದೇ ಕಾರಣಕ್ಕೆ ಎರಡೂ ಕೆಲಸ ನಿಂತಿವೆ ಅಲ್ವಾ?

ಹಾಗಾಗಿ ಓಣಿಯ ಹತ್ತು ಹನ್ನೆರಡು ಮನೆಯವರು ಸೇರಿ ಕೆಲಸಕ್ಕೆ ಕೆಲಸ ಬದಲಿ ಮಾಡಿಕೊಂಡರೆ ಹೇಗೆ ಅಂತ ಯೋಚನೆ. ಯಾರಾದರೂ ಮಾಡಿದ್ದೀರಾ? ಒಂದು ಬ್ಲೌಸಿಗೆ ಎಷ್ಟು ದಿನದ ಪಾಠ? ವೈರಿಂಗ್ ಹುಡುಗನಿಗೆ ನನ್ನ ಹೊಲಿಗೆ ಬೇಡ, ರೊಟ್ಟಿ ಬೇಕು ಅಂದರೆ ಏನು ಮಾಡೋದು? ದಾರ, ಲೈನಿಂಗ್ ಬಟ್ಟೆ ಖರ್ಚು ಯಾರದ್ದು? ಕೆಲಸ ಮಾಡಿಸಿಕೊಂಡು ಆಮೇಲೆ ಕೈ ಎತ್ತಿದರೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎರೆಹೊಲ, ಯಲಬುರ್ಗಾ:

ಅಕ್ಕಾ, ನೀವು ಕೇಳ್ತಿರೋದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ನಮ್ಮಲ್ಲಿ ಮುಯ್ಯಿ ಅನ್ನುತ್ತಾರೆ, ಹಾಗೆ ಬರೋ ಆಳು ಮುಯ್ಯಾಳು. ಬಿಳಿಜೋಳ ಕೀಳೋ ಹೊತ್ತಿಗೆ ಇವತ್ತು ನಿಮ್ಮ ಹೊಲಕ್ಕೆ ನಾವು ಐದು ಜನ, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಐದು ಜನ. ಕೂಲಿ ಇಲ್ಲ. ಹೊಲದವರ ಮನೆಯಿಂದ ಬುತ್ತಿ ಬರುತ್ತದೆ, ಅಷ್ಟೇ. ಒಂದೇ ಎತ್ತು ಇರೋ ಇಬ್ಬರು ಕೂಡಿ ಜೋಡಿ ಮಾಡಿಕೊಂಡು ಇಬ್ಬರ ಹೊಲವನ್ನೂ ಹರಗುತ್ತಿದ್ದರು. ಎತ್ತೇ ಇಲ್ಲದವನು ಎತ್ತಿನವನ ಹೊಲದಲ್ಲಿ ಇಷ್ಟು ದಿನ ದುಡಿದು, ಬದಲಿಗೆ ತನ್ನ ಹೊಲ ಬಿತ್ತಿಸಿಕೊಳ್ಳುತ್ತಿದ್ದ.

ಇದು ಯಾಕೆ ನಡೆಯುತ್ತಿತ್ತು ಅಂದರೆ ಮೂರು ಮಾತು. ಮುಯ್ಯಿ ಅದೇ ಸುಗ್ಗಿಯೊಳಗೆ ತೀರಬೇಕು, ಮುಂದಿನ ವರ್ಷಕ್ಕೆ ಹೋಗಬಾರದು. ಕೆಲಸ ಒಂದೇ ತರದ್ದು, ಹಾಗಾಗಿ ಒಂದು ಆಳಿಗೆ ಒಂದು ಆಳು, ಜಗಳ ಇಲ್ಲ. ಮತ್ತೆ ಎಲ್ಲರೂ ಎಲ್ಲರಿಗೂ ಗೊತ್ತು. ಕಡಲೆ ಕೀಳೋದು ನಸುಕಿನಲ್ಲೇ ಆಗಬೇಕು. ಬಿಸಿಲು ಏರಿದರೆ ಕಾಯಿ ಒಡೆದು ಕಾಳು ನೆಲಕ್ಕೆ ಬೀಳುತ್ತದೆ. ಅಂಥ ಹೊತ್ತಲ್ಲಿ ಬರುತ್ತೇನೆ ಅಂದವನು ಬರಲಿಲ್ಲ ಅಂದರೆ ಆ ಮಾತು ಊರೆಲ್ಲ ಆಗುತ್ತದೆ, ಮುಂದಿನ ಸುಗ್ಗಿಗೆ ಅವನ ಹೊಲಕ್ಕೆ ಯಾರೂ ಕಾಲಿಡೋದಿಲ್ಲ. ನಿಮ್ಮ ಓಣಿಯಲ್ಲೂ ಆ ಪರಿಚಯ ಇದ್ದರೆ ಅರ್ಧ ಕೆಲಸ ಆದಂತೆಯೇ.

ಆದರೆ ನೀರಾವರಿ ಕಡೆ, ಗಂಗಾವತಿ ಕಾರಟಗಿ ಸೀಮೆಯಲ್ಲಿ, ಭತ್ತಕ್ಕೆ ಕೊಯ್ಯೋ ಮಷಿನ್ ಬಂದಮೇಲೆ ಮುಯ್ಯಿ ಹೋಯಿತು. ಮಷಿನ್‌ಗೆ ಗಂಟೆ ಲೆಕ್ಕದಲ್ಲಿ ರೊಕ್ಕ ಕೊಡಲೇಬೇಕು. ಡ್ಯಾಂನಲ್ಲಿ ನೀರು ಸಾಲದೆ ಎರಡನೇ ಬೆಳೆ ಇಲ್ಲ ಅಂತಾದರೆ ಕೂಲಿಯವರೆಲ್ಲ ಒಟ್ಟಿಗೆ ಖಾಲಿ. ಎಲ್ಲರಿಗೂ ಗೊತ್ತಿರೋದು ಅದೇ ನಾಟಿ ಕೆಲಸ ಅಂದಮೇಲೆ ಯಾರ ಜೊತೆ ಏನು ಬದಲಿ ಮಾಡ್ತೀರಿ? ಗುಳೆ ಹೋಗೋದೇ ದಾರಿ ಆಗುತ್ತದೆ. ನಿಮ್ಮ ಓಣಿಯಲ್ಲಿ ಬೇರೆ ಬೇರೆ ಕಸುಬಿನವರು ಇರೋದೇ ನಿಮ್ಮ ದೊಡ್ಡ ಆಸ್ತಿ. ಹಾಗಾಗಿ ಗುಂಪಿಗೆ ಹತ್ತು ಜನ ಟೇಲರ್ ಸೇರಿಸಬೇಡಿ.

ಸಂಘದ ಪುಸ್ತಕ, ಸಿಂಧನೂರು:

ಎರೆಹೊಲ ಅಣ್ಣ ಹೇಳಿದ್ದು ಒಪ್ಪುತ್ತೇನೆ. ಆದರೆ ಹಳೇದೆಲ್ಲ ಚೆನ್ನಾಗಿತ್ತು ಅಂತ ಮಾತ್ರ ಅನ್ನಬೇಡಿ. ದುಡ್ಡಿಲ್ಲದೆ ಕೆಲಸ ಮಾಡಿಸಿಕೊಳ್ಳೋದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಇನ್ನೊಂದು ತರಕ್ಕೂ ಇತ್ತು. ಆಯ ಅಂತ ಇತ್ತು. ಬಡಿಗೇರ, ಕಮ್ಮಾರ, ಅಗಸ, ಹಡಪದ, ಇವರೆಲ್ಲ ವರ್ಷವಿಡೀ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದ ಮುಂದೆ ನಿಂತು ಕಾಳು ಪಡೆಯೋದು. ಎಷ್ಟು ಕಾಳು ಅಂತ ಹೊಲದವರೇ ಹೇಳುತ್ತಿದ್ದರು. ಇವನು ಈ ಕೆಲಸವನ್ನೇ ಮಾಡಬೇಕು ಅಂತ ಜಾತಿ ಹೇಳುತ್ತಿತ್ತು. ಅದಕ್ಕಿಂತ ಕೆಳಗೆ ಬಿಟ್ಟಿ ಚಾಕರಿ, ಅದಕ್ಕೂ ಕೆಳಗೆ ಜೀತ. ಜೀತ ಪದ್ಧತಿ ರದ್ದು ಮಾಡೋ ಕಾನೂನು ಬಂದಿದ್ದು 1976ರಲ್ಲಿ. ನಮ್ಮ ಅಜ್ಜ ಅಜ್ಜಿ ಕಾಲದ ಮಾತು ಇದು, ಬಹಳ ಹಿಂದಿನದಲ್ಲ.

ಹಾಗಾಗಿ ನೀವು ಮಾಡೋದು ಮುಯ್ಯಿಯ ಹಾಗಿರಬೇಕು, ಆಯದ ಹಾಗೆ ಅಲ್ಲ. ವ್ಯತ್ಯಾಸ ಎಲ್ಲಿದೆ ಅಂದರೆ, ಬೇಡ ಅನ್ನೋ ಹಕ್ಕು ಇಬ್ಬರಿಗೂ ಸಮ ಇರಬೇಕು. ಇವತ್ತು ನನಗೆ ಆಗೋದಿಲ್ಲ ಅಂತ ರೊಟ್ಟಿ ಬಡಿಯೋ ಅವ್ವನೂ ಹೇಳಬಹುದು, ವೈರಿಂಗ್ ಹುಡುಗನೂ ಹೇಳಬಹುದು.

ಇನ್ನೊಂದು, ಇದನ್ನ ಮಾತ್ರ ದಯವಿಟ್ಟು ಮರೀಬೇಡಿ ಅಕ್ಕಾ. ಕೈಸಾಲಕ್ಕೂ ಈ ಗಂಟೆ ಲೆಕ್ಕಕ್ಕೂ ಗಂಟು ಹಾಕಬೇಡಿ. ಎರಡು ಸಾವಿರ ಸಾಲ ಕೊಟ್ಟಿದ್ದೇನೆ, ದುಡ್ಡು ಬೇಡ, ನಮ್ಮ ಮನೆ ಕೆಲಸ ಮಾಡಿ ತೀರಿಸು ಅಂತ ಯಾರಾದರೂ ಅಂದರೆ ಅದು ಬದಲಿ ಅಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಜನರನ್ನ ಕೆಲಸಕ್ಕೆ ಕರೆದುಕೊಂಡು ಹೋಗೋದನ್ನ ನಮ್ಮ ಕಡೆ ಕಣ್ಣಾರೆ ನೋಡುತ್ತಿದ್ದೇವೆ. ಮುಂಗಡ ತೀರೋದೇ ಇಲ್ಲ. ಸಾಲ ಸಾಲದ ಪುಸ್ತಕದಲ್ಲಿರಲಿ, ಗಂಟೆ ಗಂಟೆಯ ಪುಸ್ತಕದಲ್ಲಿರಲಿ.

ಪುಸ್ತಕ ಅಂದೆ ಅಲ್ವಾ, ಅದರ ಬಗ್ಗೆ. ಸ್ತ್ರೀಶಕ್ತಿ ಸಂಘಗಳು ಶುರುವಾಗಿ ಎರಡು ದಶಕದ ಮೇಲಾಯಿತು. ವಾರಕ್ಕೊಮ್ಮೆ ಕೂರೋದು, ಉಳಿತಾಯ ಬರೆಯೋದು, ಎಲ್ಲರ ಎದುರು ಓದಿ ಹೇಳೋದು ನಮ್ಮ ಹೆಣ್ಮಕ್ಕಳಿಗೆ ಕೈ ಹತ್ತಿದ ಕೆಲಸ. ಅದೇ ಸಭೆಯಲ್ಲಿ ಗಂಟೆ ಪುಸ್ತಕವನ್ನೂ ಓದಿ. ಹಾಗೆ ಬರೆಯುವಾಗ ಮಗು ನೋಡಿಕೊಂಡಿದ್ದು, ಬಾಣಂತಿಗೆ ಎಣ್ಣೆ ನೀರು ಹಾಕಿದ್ದು, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗೆ ಕೂತಿದ್ದು, ಇವನ್ನೂ ಗಂಟೆ ಅಂತಲೇ ಬರೆಯಿರಿ. ಗಂಡಸರ ವೈರಿಂಗ್ ಮಾತ್ರ ಕೆಲಸ, ಹೆಂಗಸರ ಈ ಕೆಲಸ ಸಹಾಯ ಅಂತ ಆಗಿಬಿಟ್ಟರೆ ನಾನು ಅಂಥ ಗುಂಪಿಗೆ ಸೇರೋದೇ ಇಲ್ಲ.

ಅರ್ಥಶಾಸ್ತ್ರ ಪಾಠ, ಬಳ್ಳಾರಿ:

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳೋನು. ಅಮ್ಮಾ, ನೀವು ಪ್ರಶ್ನೆಯಲ್ಲಿ ಬರೆದ ಒಂದು ಸಾಲೇ ನಮ್ಮ ಅರ್ಧ ಪಾಠ. ಎರಡೂ ಕಡೆ ಕೈ ಖಾಲಿ, ಎರಡೂ ಕಡೆ ಬೇಡಿಕೆ ಇದೆ, ನಡುವೆ ದುಡ್ಡು ಇಲ್ಲ. ಬಳ್ಳಾರಿ ಇದನ್ನ ದೊಡ್ಡದಾಗಿ ನೋಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಇಲ್ಲಿನ ಅದಿರು ಗಣಿಗಳು ನಿಂತಾಗ ಲಾರಿಗಳು ನಿಂತವು, ಲಾರಿ ನಿಂತಿದ್ದಕ್ಕೆ ಗ್ಯಾರೇಜು, ಟೈರ್ ಅಂಗಡಿ, ರಸ್ತೆ ಬದಿಯ ದಾಬಾ ಎಲ್ಲವೂ ಸೊರಗಿದವು. ಮೆಕ್ಯಾನಿಕ್‌ಗೆ ಕೆಲಸ ಮರೆತಿರಲಿಲ್ಲ. ಊರಿಗೆ ದುಡ್ಡು ಬರೋ ದಾರಿ ಮುಚ್ಚಿತ್ತು, ಅಷ್ಟೇ.

ನೀವು ಯೋಚಿಸಿದ ಹಾಗೆ ಕೆಲಸಕ್ಕೆ ಕೆಲಸ ಲೆಕ್ಕ ಇಟ್ಟ ಊರುಗಳು ಹೊರಗೂ ಇವೆ. 1973ರಲ್ಲಿ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಝುಶಿಮಾ ಅನ್ನೋ ಹೆಣ್ಣುಮಗಳು ಗೃಹಿಣಿಯರನ್ನ ಸೇರಿಸಿ ಶ್ರಮದ ಬ್ಯಾಂಕ್ ಶುರು ಮಾಡಿದರು. ಇವತ್ತು ಮಾಡಿದ ಗಂಟೆಯನ್ನು ಜಮಾ ಇಟ್ಟು ಮುಂದೆ ಕಾಯಿಲೆ ಬಿದ್ದಾಗ, ವಯಸ್ಸಾದಾಗ ವಾಪಸ್ ಪಡೆಯೋದು. ಅಮೆರಿಕದಲ್ಲಿ 1980ರ ಸುಮಾರಿಗೆ ಎಡ್ಗರ್ ಕಾನ್ ಅನ್ನೋ ವಕೀಲರು ಇಂಥದ್ದೇ ಯೋಚನೆ ತಂದರು, ವಕೀಲನ ಗಂಟೆಯೂ ಒಂದೇ, ಕಸ ಗುಡಿಸೋರ ಗಂಟೆಯೂ ಒಂದೇ ಅಂತ. 1983ರಲ್ಲಿ ಕೆನಡಾದ ಕೋಮಾಕ್ಸ್ ಕಣಿವೆಯಲ್ಲಿ, ಜನಕ್ಕೆ ಕೆಲಸ ಹೋಗಿದ್ದಾಗ, ಮೈಕೆಲ್ ಲಿಂಟನ್ ಒಂದು ಲೆಕ್ಕದ ಪದ್ಧತಿ ಮಾಡಿದರು. ಅಲ್ಲಿ ನೋಟು ಇಲ್ಲ. ಕೆಲಸ ಮಾಡಿದವರ ಖಾತೆಗೆ ಕೂಡೋದು, ಮಾಡಿಸಿಕೊಂಡವರ ಖಾತೆಯಿಂದ ಕಳೆಯೋದು. ವೈರಿಂಗ್ ಹುಡುಗನಿಗೆ ಹೊಲಿಗೆ ಬೇಡ ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀವು ಅವನಿಗೇ ವಾಪಸ್ ಕೊಡಬೇಕಿಲ್ಲ. ಗುಂಪಿನಲ್ಲಿ ಯಾರಿಗಾದರೂ ಕೊಟ್ಟರೆ ಸಾಕು. ನಿಮ್ಮ ಬ್ಲೌಸ್ ಗಣಿತದ ಹುಡುಗಿಯ ತಾಯಿಗೆ, ಆ ಹುಡುಗಿಯ ಪಾಠ ಅವ್ವನ ಮೊಮ್ಮಗನಿಗೆ, ಅವ್ವನ ರೊಟ್ಟಿ ವೈರಿಂಗ್ ಹುಡುಗನಿಗೆ, ಅವನ ಕೆಲಸ ನಿಮ್ಮ ಮನೆಗೆ. ಪುಸ್ತಕ ಒಂದೇ ಇದ್ದರೆ ಎಲ್ಲ ತಾಳೆಯಾಗುತ್ತದೆ.

ಮುರಿದು ಬಿದ್ದಿದ್ದನ್ನೂ ಹೇಳಬೇಕು, ಅದೇ ಜಾಸ್ತಿ ಮುಖ್ಯ. ಅರ್ಜೆಂಟೀನಾದಲ್ಲಿ 1995ರಲ್ಲಿ ಸಣ್ಣದಾಗಿ ಶುರುವಾದ ಬದಲಿ ಕ್ಲಬ್‌ಗಳು 2001-02ರ ಬಿಕ್ಕಟ್ಟಿನಲ್ಲಿ ಲಕ್ಷಾಂತರ ಜನಕ್ಕೆ ಹಬ್ಬಿದವು. ಅವರು ಚೀಟಿ ಅಚ್ಚು ಹಾಕಿಸಿ ನೋಟಿನ ಹಾಗೆ ಬಳಸುತ್ತಿದ್ದರು. ಚೀಟಿ ಮಿತಿಮೀರಿ ಅಚ್ಚಾದವು, ನಕಲಿ ಚೀಟಿಯೂ ಬಂತು. ಬೆಲೆ ಏರಿತು, ಜನ ನಂಬಿಕೆ ಕಳಕೊಂಡರು, ಬಹುತೇಕ ಕ್ಲಬ್‌ಗಳು ಮುಚ್ಚಿದವು.

ಇದಕ್ಕೆ ಪೂರ್ತಿ ಉಲ್ಟಾ ಆದ ಕಥೆ ವಾಷಿಂಗ್ಟನ್ ನಗರದ್ದು. 1970ರ ದಶಕದಲ್ಲಿ ಅಲ್ಲಿ ಸುಮಾರು 150 ದಂಪತಿಗಳು ಒಬ್ಬರ ಮಕ್ಕಳನ್ನ ಇನ್ನೊಬ್ಬರು ನೋಡಿಕೊಳ್ಳೋ ಗುಂಪು ಮಾಡಿಕೊಂಡಿದ್ದರು. ಅಲ್ಲೂ ಚೀಟಿ, ಮಕ್ಕಳನ್ನ ಬಿಟ್ಟು ಹೊರಗೆ ಹೋಗೋರು ನೋಡಿಕೊಂಡವರಿಗೆ ಕೊಡೋದು. ಮುಂದೆ ಬೇಕಾಗಬಹುದು ಅಂತ ಎಲ್ಲರೂ ಚೀಟಿ ಉಳಿಸಿಟ್ಟುಕೊಂಡರು. ಯಾರೂ ಹೊರಗೆ ಹೋಗಲಿಲ್ಲ. ಹೋಗದಿದ್ದರೆ ಇನ್ನೊಬ್ಬರಿಗೆ ಚೀಟಿ ಗಳಿಸೋ ಅವಕಾಶವೇ ಇಲ್ಲ. ಇಡೀ ಗುಂಪು ನಿಂತುಹೋಯಿತು. ಕೊನೆಗೆ ಎಲ್ಲರಿಗೂ ಇನ್ನಷ್ಟು ಚೀಟಿ ಹಂಚಿದಮೇಲೆ ಓಡಾಟ ಶುರುವಾಯಿತು. ಹಾಗಾಗಿ ನೀವು ಚೀಟಿ ಮಾಡಲೇಬೇಡಿ, ಪುಸ್ತಕ ಸಾಕು. ಎಲ್ಲರೂ ಸೊನ್ನೆಯಿಂದ ಶುರು ಮಾಡಲಿ, ಮೊದಲ ದಿನವೇ ಕೆಲವು ಗಂಟೆ ಬಾಕಿ ಬೀಳೋಕೆ ಬಿಡಿ. ಯಾರಾದರೂ ಬಾಕಿ ಆಗದೆ ಯಾರಿಗೂ ಜಮಾ ಆಗೋದಿಲ್ಲ. ಬಾಕಿಗೂ ಜಮಾಕ್ಕೂ ಒಂದು ಗೆರೆ ಇರಲಿ, ಹತ್ತು ಗಂಟೆ ಅಂತಿಟ್ಟುಕೊಳ್ಳಿ. ಕೈ ಎತ್ತೋರು ಬಂದರೂ ನಷ್ಟ ಹತ್ತು ಗಂಟೆಗೆ ನಿಲ್ಲುತ್ತದೆ, ಅದೂ ಇಡೀ ಗುಂಪಿನ ಮೇಲೆ ಹಂಚಿಹೋಗುತ್ತದೆ.

ಫ್ರಿಜ್ ಕೂಲರ್, ರಾಯಚೂರು:

ಎಲ್ಲರ ಗಂಟೆಯೂ ಒಂದೇ ಅನ್ನೋದು ನನಗೆ ಒಪ್ಪಿಗೆ ಇಲ್ಲ ಸರ್. ನಾನು ಐಟಿಐ ಮಾಡಿ, ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ದುಡಿದು ಈ ಕೆಲಸ ಕಲಿತಿದ್ದು. ಗೇಜು, ಗ್ಯಾಸ್ ಸಿಲಿಂಡರ್, ವೆಲ್ಡಿಂಗ್ ಸೆಟ್ ಎಲ್ಲ ನನ್ನ ದುಡ್ಡಿನವು. ಏಪ್ರಿಲ್ ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ, ಆಗ ಊಟಕ್ಕೂ ಪುರಸೊತ್ತಿಲ್ಲದಷ್ಟು ಫೋನ್ ಬರುತ್ತವೆ. ಆ ಎರಡು ತಿಂಗಳ ದುಡಿಮೆಯಲ್ಲೇ ವರ್ಷದ ಬಾಡಿಗೆ ಕಟ್ಟಬೇಕು. ಆಗ ಒಂದು ಗಂಟೆ ಕೊಡಿ ಅಂದರೆ ನಾನು ಕೊಡಲಾರೆ. ಆದರೆ ಜುಲೈಯಿಂದ ಜನವರಿವರೆಗೆ ನನ್ನ ಅಂಗಡಿಯಲ್ಲಿ ನೊಣ ಹೊಡೆಯೋ ಪರಿಸ್ಥಿತಿ. ಆಗ ಬೇಕಾದರೆ ಸಂತೋಷವಾಗಿ ಬರುತ್ತೇನೆ, ಒಂದಕ್ಕೆ ಒಂದೇ ಲೆಕ್ಕ ಹಾಕಿದರೂ ಪರವಾಗಿಲ್ಲ. ನನಗೂ ಮಗನ ಟ್ಯೂಷನ್ ಇದೆ, ಮನೆಗೆ ಬಣ್ಣ ಆಗಬೇಕಿದೆ.

ಅರ್ಥಶಾಸ್ತ್ರ ಪಾಠ, ಬಳ್ಳಾರಿ:

ತಮ್ಮಾ, ನೀವು ಒಪ್ಪಿಗೆ ಇಲ್ಲ ಅಂತ ಶುರು ಮಾಡಿ ಸರಿಯಾದ ನಿಯಮವನ್ನೇ ಹೇಳಿದಿರಿ. ಗುಂಪಿಗೆ ಕೊಡಬೇಕಾಗಿದ್ದು ಖಾಲಿ ಹೊತ್ತು ಮಾತ್ರ. ಬಜಾರಿನಲ್ಲಿ ದುಡ್ಡು ಸಿಗೋ ಹೊತ್ತನ್ನ ಬಜಾರಿಗೇ ಕೊಡಿ. ಮೇ ತಿಂಗಳ ನಿಮ್ಮ ಗಂಟೆಗೆ ಬೆಲೆ ಇದೆ. ಅಕ್ಟೋಬರಿನ ಗಂಟೆಗೆ ಬಜಾರಿನಲ್ಲಿ ಏನೂ ಸಿಗೋದಿಲ್ಲ, ನಿಮಗೂ ಇಲ್ಲ, ಆ ಟೇಲರ್ ಅಮ್ಮನಿಗೂ ಇಲ್ಲ. ಅಂಥ ಎರಡು ಗಂಟೆಗಳನ್ನು ಸಮ ಅಂತ ಎಣಿಸಿದರೆ ಯಾರಿಗೆ ಅನ್ಯಾಯ ಆಯಿತು ಹೇಳಿ? ಜೀನ್ಸ್ ಆರ್ಡರ್ ಬಂದ ವಾರ ಅವರೂ ಗುಂಪಿನ ಕೆಲಸ ಹಿಡಿಯಬಾರದು. ಸಾಮಾನು, ಗ್ಯಾಸು, ಪೆಟ್ರೋಲು ಮಾತ್ರ ರೊಕ್ಕದಲ್ಲೇ, ಮಾಡಿಸಿಕೊಳ್ಳೋರು ಮೊದಲೇ ತಂದಿಡಬೇಕು.

ಹೊಲಿಗೆ ಮಷಿನ್, ಬಳ್ಳಾರಿ:

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಘದ ಪುಸ್ತಕ ಅಕ್ಕ ಹೇಳಿದ ಸಾಲದ ಮಾತು ನಮ್ಮ ಓಣಿಗೂ ಬೇಕಾದ್ದೇ, ಅದನ್ನ ಮೊದಲ ಸಭೆಯಲ್ಲೇ ಹೇಳುತ್ತೇನೆ. ಇನ್ನೊಂದು ಅನುಮಾನ. ಲೈನಿಂಗ್ ಬ್ಲೌಸಿಗೆ ನನಗೆ ಎರಡು ಗಂಟೆ ಸಾಕು, ಹೊಸಬರಿಗೆ ನಾಲ್ಕು ಗಂಟೆ ಬೇಕು. ನಾನು ಬೇಗ ಮುಗಿಸಿದರೆ ಕಡಿಮೆ ಬರೆಯಬೇಕಾ? ಮತ್ತೆ ನಮ್ಮನೆಯವರು ಕೇಳುತ್ತಿದ್ದಾರೆ, ಇದಕ್ಕೆ ಟ್ಯಾಕ್ಸ್ ಗೀಕ್ಸ್ ಏನಾದರೂ ಬರುತ್ತಾ ಅಂತ.

ಲೆಡ್ಜರ್, ಕೊಪ್ಪಳ:

ನಾನು ಲೆಕ್ಕ ಬರೆಯೋ ಕೆಲಸದವನು, ಟ್ಯಾಕ್ಸ್ ಬಗ್ಗೆ ಹೇಳುತ್ತೇನೆ. 2017ರ ಜಿಎಸ್‌ಟಿ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಮಾರಾಟದ ಜೊತೆಗೆ ವಸ್ತು ವಿನಿಮಯ, ಬದಲಿ ಕೂಡ ಸೇರಿದೆ. ದುಡ್ಡು ಮುಟ್ಟಲಿಲ್ಲ ಅಂದ ಮಾತ್ರಕ್ಕೆ ಟ್ಯಾಕ್ಸ್ ಇಲ್ಲ ಅಂತಲ್ಲ. ಆದರೆ ಅದು ವ್ಯಾಪಾರವಾಗಿ ಮಾಡೋ ವಿನಿಮಯಕ್ಕೆ ಅನ್ವಯ. ಸೇವೆ ಕೊಡೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟೋವರೆಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಓಣಿಯ ಹತ್ತು ಮನೆ ಬ್ಲೌಸಿಗೂ ಪಾಠಕ್ಕೂ ಲೆಕ್ಕ ಇಟ್ಟುಕೊಂಡರೆ ಈ ತಲೆಬಿಸಿ ಇಲ್ಲ. ಈಗಾಗಲೇ ಜಿಎಸ್‌ಟಿ ನಂಬರ್ ಇರೋ ಅಂಗಡಿಯವರು ಗುಂಪಿಗೆ ಸೇರಿದರೆ ಮಾತ್ರ ಅವರು ತಮ್ಮ ಲೆಕ್ಕದವರನ್ನ ಒಂದು ಮಾತು ಕೇಳಬೇಕು.

ಬ್ಲೌಸಿನ ಪ್ರಶ್ನೆಗೆ: ದಿನಾ ಬರೋ ಕೆಲಸಗಳಿಗೆ ಸಭೆಯಲ್ಲಿ ಕೂತು ಒಂದು ಅಂದಾಜು ಗೊತ್ತು ಮಾಡಿ. ಲೈನಿಂಗ್ ಬ್ಲೌಸ್ ಮೂರು ಗಂಟೆ, ಸೀರೆಗೆ ಫಾಲ್ ಮತ್ತು ಪಿಕೋ ಒಂದು ಗಂಟೆ, ಐವತ್ತು ರೊಟ್ಟಿಗೆ ಇಷ್ಟು, ಹೀಗೆ. ನೀವು ಎರಡು ಗಂಟೆಯಲ್ಲಿ ಮುಗಿಸಿದರೆ ಉಳಿದ ಗಂಟೆ ನಿಮ್ಮ ಕೈಚಳಕದ ಲಾಭ. ಕೆಲಸ ನಿಧಾನ ಮಾಡಿ ಗಂಟೆ ಎಳೆಯೋ ಜಗಳವೂ ತಪ್ಪುತ್ತದೆ. ಪುಸ್ತಕದಲ್ಲಿ ತಾರೀಖು, ಮಾಡಿದವರು, ಮಾಡಿಸಿಕೊಂಡವರು, ಕೆಲಸ, ಗಂಟೆ, ಇಬ್ಬರ ಸಹಿ. ಬರೆಯೋರು ಮೂರು ತಿಂಗಳಿಗೊಮ್ಮೆ ಬದಲಾಗಲಿ, ಬರೆದ ಹೊತ್ತಿಗೂ ಗಂಟೆ ಜಮಾ ಕೊಡಿ. ಅದನ್ನ ಪುಕ್ಕಟೆ ಮಾಡಿಸಿಕೊಂಡರೆ ಆರು ತಿಂಗಳಿಗೆ ಬರೆಯೋರೇ ಇರೋದಿಲ್ಲ.

ಫ್ರಿಜ್ ಕೂಲರ್, ರಾಯಚೂರು:

ಕರೆಂಟಿನ ಕೆಲಸದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸ್ವಿಚ್, ಫ್ಯಾನ್, ಹೋಲ್ಡರ್ ಬದಲಿಸೋದು ನಿಮ್ಮ ವೈರಿಂಗ್ ಹುಡುಗ ಮಾಡಲಿ. ಮೀಟರ್ ಬೋರ್ಡು, ಸರ್ವಿಸ್ ವೈರ್ ಮುಟ್ಟೋ ಕೆಲಸವನ್ನ ಗುಂಪಿನ ಲೆಕ್ಕಕ್ಕೆ ತರಬೇಡಿ, ಅದಕ್ಕೆ ಲೈಸೆನ್ಸ್ ಇರೋರೇ ಬೇಕು. ಗ್ಯಾಸ್ ಸ್ಟೌ ಪೈಪಿನ ಕೆಲಸವೂ ಹಾಗೇ. ಆ ಹುಡುಗನ ಹತ್ತಿರ ಟೆಸ್ಟರ್, ಕೈಗ್ಲೌಸ್ ಇದೆಯಾ ನೋಡಿ, ಇಲ್ಲದಿದ್ದರೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಮೊದಲು ಅವನ್ನ ಕೊಡಿಸಿ.

ಹೊಲಿಗೆ ಮಷಿನ್, ಬಳ್ಳಾರಿ:

ಟೆಸ್ಟರ್ ಇದೆ, ಗ್ಲೌಸ್ ಇಲ್ಲ ಅಂದ. ಕೊಡಿಸುತ್ತೇವೆ ಅಣ್ಣ. ಭಾನುವಾರ ಸಂಜೆ ಓಣಿಯವರನ್ನೆಲ್ಲ ಕರೆದಿದ್ದೇನೆ, ನೀವೆಲ್ಲ ಬರೆದಿದ್ದನ್ನ ಅಲ್ಲೇ ಓದಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗೆ ಕೂರೋದನ್ನ ಪೂರ್ತಿ ರಾತ್ರಿಯ ಗಂಟೆ ಅಂತ ಬರೀಬೇಕಾ, ಅರ್ಧ ಅಂತಾನಾ? ಹತ್ತು ಗಂಟೆಯ ಗೆರೆ ಒಂದೇ ರಾತ್ರಿಗೆ ಮುಗಿದುಬಿಡುತ್ತೆ ನೋಡಿ. ಸಂಘದ ಪುಸ್ತಕ ಅಕ್ಕಾ, ಇದಕ್ಕೆ ಮಾತ್ರ ಭಾನುವಾರದೊಳಗೆ ಉತ್ತರ ಹೇಳಿ.

ಸಂಘದ ಪುಸ್ತಕ, ಸಿಂಧನೂರು:

ಪೂರ್ತಿ ಬರೆಯಿರಿ. ನಿದ್ದೆಗೆಟ್ಟಿದ್ದು ಪೂರ್ತಿ ರಾತ್ರಿ ತಾನೇ. ಕಾಯಿಲೆ, ಬಾಣಂತನ, ಸಾವಿನ ಮನೆ, ಈ ಮೂರಕ್ಕೆ ಹತ್ತು ಗಂಟೆಯ ಗೆರೆ ಇಲ್ಲ ಅಂತ ಮೊದಲ ಪುಟದಲ್ಲೇ ಬರೆದು ಎಲ್ಲರ ಸಹಿ ಹಾಕಿಸಿ. ಬಾಕಿ ಬಿದ್ದವರು ಸುಧಾರಿಸಿಕೊಂಡ ಮೇಲೆ ನಿಧಾನಕ್ಕೆ ತೀರಿಸಲಿ, ಅವರ ಹತ್ತಿರ ಆಗದಿದ್ದರೆ ಗುಂಪಿನಲ್ಲಿ ಜಮಾ ಜಾಸ್ತಿ ಇರೋರು ತಮ್ಮ ಗಂಟೆಯನ್ನ ಅವರ ಹೆಸರಿಗೆ ಬರೆಸಲಿ.